ಕತ್ತಲಲ್ಲಿ ಕೇಳಿದ ದನಿ ಯಾರದು?

ರೇಡಿಯೋ ನಾಟಕಗಳನ್ನು ಕೇಳುತ್ತಾ ಬೆಳೆದವರು ನಿಮ್ಮಲ್ಲಿ ಇನ್ನೂ ಅನೇಕರಿದ್ದೀರಿ. ರಾತ್ರಿಯ ಊಟ ಮುಗಿಸಿ, ದೀಪ ಸಣ್ಣದು ಮಾಡಿ, ಮನೆಯವರೆಲ್ಲ ಆ ಪೆಟ್ಟಿಗೆಯ ಸುತ್ತ ಕುಳಿತ ದಿನಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಬಾಗಿಲು ಕಿರ್ ಎಂದಿತೆಂದರೆ ಯಾರೋ ಒಳಗೆ ಬಂದರೆಂದು ತಿಳಿಯಬೇಕು. ಬಂದವರು ಯಾರೆಂಬುದು ಅವರು ಬಾಯಿ ತೆರೆದ ಮೇಲೆಯೇ ಗೊತ್ತಾಗುವುದು. ಅಲ್ಲಿ ಮುಖವಿಲ್ಲ, ಉಡುಪಿಲ್ಲ, ನಡಿಗೆಯ ಠೀವಿಯಿಲ್ಲ. ದನಿಯೊಂದೇ ಆ ಮನುಷ್ಯನ ಗುರುತು. ಹಾಗಾದರೆ ಆ ದನಿಯನ್ನೇ ಯಾರಾದರೂ ಕದ್ದುಬಿಟ್ಟರೆ?

ಈ ಭಯ ರೇಡಿಯೋಗಿಂತ ಬಹಳ ಹಳೆಯದು. ಕಣ್ಣು ಮಂಜಾದ ಮುದುಕ ಇಸಾಕನ ಬಳಿಗೆ ಕಿರಿಯ ಮಗ ಹಿರಿಯನ ವೇಷದಲ್ಲಿ ಬಂದ ಸಂದರ್ಭ ನಿಮಗೆ ಗೊತ್ತೇ ಇದೆ. ಅಂದು ಆ ತಂದೆಯ ಕಿವಿ ನಿಜವನ್ನೇ ಹೇಳಿತ್ತು. ಆತ ಕಿವಿಯನ್ನು ಬಿಟ್ಟು ಕೈಯನ್ನು ನಂಬಿದ. ರಾಮಾಯಣದ ಮಾರೀಚನದು ಇದಕ್ಕೆ ವಿರುದ್ಧವಾದ ಕತೆ. ಸಾಯುವ ಗಳಿಗೆಯಲ್ಲಿ ಅವನು ರಾಮನ ಕಂಠದಲ್ಲಿ ಕೂಗಿಕೊಂಡ. ಆಶ್ರಮದಲ್ಲಿದ್ದ ಸೀತೆಗೆ ಕಾಡಿನ ಆಚೆಯಿಂದ ಬಂದ ಆ ಸ್ವರವೊಂದೇ ಆಧಾರ. ಆಮೇಲೆ ನಡೆದದ್ದೆಲ್ಲ ಆ ಒಂದು ಕೂಗಿನ ಫಲ. ಮಾರೀಚನನ್ನು ಜಗತ್ತಿನ ಮೊದಲ ರೇಡಿಯೋ ನಟನೆಂದರೆ ನೀವು ನಗಬಹುದು, ಆದರೆ ಅವನು ಮಾಡಿದ ಕೆಲಸ ಮಾತ್ರ ಅದೇ.

ಅಮೇರಿಕ ಮತ್ತು ಇಂಗ್ಲೆಂಡುಗಳಲ್ಲಿ 1938ರಿಂದ 1958ರವರೆಗಿನ ಇಪ್ಪತ್ತು ವರ್ಷ ಈ ಭಯಕ್ಕೆ ಒಂದು ಹೊಸ ಉಡುಪು ದೊರೆಯಿತು. ಅನ್ಯಗ್ರಹದಿಂದ ಬಂದವನು ನಿಮ್ಮ ಅಣ್ಣನಂತೆ, ನಿಮ್ಮ ಹೆಂಡತಿಯಂತೆ, ಪಕ್ಕದ ಮನೆಯವನಂತೆ ಮಾತನಾಡುತ್ತಾನೆ. ಅಥವಾ ನೀವೇ ನೀವಲ್ಲದವರಾಗಿ ಮಾತನಾಡತೊಡಗುತ್ತೀರಿ. ಮಕ್ಕಳ ಕಾಲಕ್ಷೇಪವೆಂದು ಹಿರಿಯರು ತಳ್ಳಿಹಾಕುತ್ತಿದ್ದ ಈ ವೈಜ್ಞಾನಿಕ ಕಲ್ಪನೆಯ ರೇಡಿಯೋ ನಾಟಕಗಳ ಹಿಂದೆ ನಿಜವಾದ ಗಾಯಗಳಿದ್ದವು. ಆ ಗಾಯಗಳ ಚರಿತ್ರೆಯನ್ನೇ ನಿಮ್ಮೆದುರು ಸ್ವಲ್ಪ ಬಿಚ್ಚಿಡಬೇಕೆಂದಿದ್ದೇನೆ.

1938ರ ಅಕ್ಟೋಬರ್ 30ರ ರಾತ್ರಿಯ ಸಂಗತಿಯನ್ನು ನೀವು ಎಲ್ಲಿಯಾದರೂ ಓದಿರುತ್ತೀರಿ. ಎಚ್.ಜಿ. ವೆಲ್ಸ್‌ರ ಕಾದಂಬರಿಯೊಂದನ್ನು ಆರ್ಸನ್ ವೆಲ್ಸ್ ಎಂಬ ಇಪ್ಪತ್ತಮೂರರ ತರುಣ ಸಿಬಿಎಸ್ ಜಾಲದಲ್ಲಿ ನಾಟಕವಾಗಿ ಪ್ರಸಾರ ಮಾಡಿದ. ಹೋವರ್ಡ್ ಕೋಚ್ ಅದನ್ನು ಸುದ್ದಿ ಪ್ರಸಾರದ ಧಾಟಿಯಲ್ಲಿ ಬರೆದಿದ್ದರು. ನ್ಯೂಜೆರ್ಸಿಯ ಗ್ರೋವರ್ಸ್ ಮಿಲ್ ಎಂಬ ಹಳ್ಳಿಯಲ್ಲಿ ಮಂಗಳಗ್ರಹದವರು ಇಳಿದರೆಂದು 'ವರದಿಗಾರ' ಏದುಸಿರು ಬಿಡುತ್ತಾ ಹೇಳಿದ. ಆ ಪಾತ್ರ ವಹಿಸಿದ ಫ್ರಾಂಕ್ ರೀಡಿಕ್, 1937ರಲ್ಲಿ ಹಿಂಡನ್‌ಬರ್ಗ್ ಎಂಬ ಆಕಾಶನೌಕೆ ಉರಿದು ಬಿದ್ದಾಗ ನಿಜವಾದ ವರದಿಗಾರನೊಬ್ಬ ಅಳುತ್ತಾ ಮಾಡಿದ್ದ ವರದಿಯ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿ ಆ ದನಿಯನ್ನು ರೂಢಿಸಿಕೊಂಡಿದ್ದ. ಇನ್ನೊಬ್ಬ ನಟ ಕೆನ್ನಿ ಡೆಲ್ಮರ್, ಗೃಹ ವ್ಯವಹಾರಗಳ ಮಂತ್ರಿಯೆಂಬ ಹೆಸರಿನಲ್ಲಿ ಮಾತನಾಡಿದರೂ ಕಂಠ ಮಾತ್ರ ಅಂದಿನ ಅಧ್ಯಕ್ಷ ರೂಸ್‌ವೆಲ್ಟರದೇ ಆಗಿತ್ತು. ಗಮನಿಸಿ, ಈ ನಾಟಕದಲ್ಲಿ ಮಂಗಳದವರು ಯಾರ ವೇಷವನ್ನೂ ಹಾಕಲಿಲ್ಲ. ವೇಷ ಹಾಕಿದ್ದು ನಾಟಕವೇ. ಅದು ಸುದ್ದಿಯ ವೇಷ ತೊಟ್ಟು ಮನೆಗೆ ನುಗ್ಗಿತು.

ಇಡೀ ಅಮೇರಿಕ ಬೀದಿಗೆ ಓಡಿತೆಂಬ ಮಾತು ಮರುದಿನದ ಪತ್ರಿಕೆಗಳು ಹಿಗ್ಗಿಸಿದ್ದು. ಆ ಹೊತ್ತಿನಲ್ಲಿ ಬಹುಪಾಲು ಕೇಳುಗರು ಬೇರೊಂದು ಕೇಂದ್ರದ ಹಾಸ್ಯ ಕಾರ್ಯಕ್ರಮ ಕೇಳುತ್ತಿದ್ದರೆಂದು ಅಂದಿನ ಸಮೀಕ್ಷೆಯೇ ತೋರಿಸಿತ್ತು. ಆ ಕಾರ್ಯಕ್ರಮದ ತಾರೆ ಯಾರು ಗೊತ್ತೇ? ಮಾತನಾಡುವ ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು, ತುಟಿ ಅಲುಗಿಸದೆ ಅದರ ಬಾಯಲ್ಲಿ ಮಾತಾಡಿಸುವ ಎಡ್ಗರ್ ಬರ್ಗನ್! ತುಟಿ ಕಾಣದ ರೇಡಿಯೋದಲ್ಲಿ ಈ ವಿದ್ಯೆಗೇನು ಬೆಲೆ ಎಂದು ನೀವು ಕೇಳಬಹುದು. ಜನ ಮಾತ್ರ ಆ ಗೊಂಬೆಯನ್ನು ಬೇರೆಯೇ ಒಂದು ಜೀವವೆಂದು ಬಗೆದು ವರ್ಷಗಟ್ಟಲೆ ಕೇಳಿದರು. ಆದರೆ ಹೆದರಿಕೆಯೆಲ್ಲ ಸುಳ್ಳೆಂದು ತಿಳಿಯಬಾರದು. 1949ರ ಫೆಬ್ರವರಿಯಲ್ಲಿ ಇಕ್ವೆಡಾರ್ ದೇಶದ ಕೀಟೋ ನಗರದ ರೇಡಿಯೋ ಇದೇ ನಾಟಕವನ್ನು ಸ್ಥಳೀಯ ಊರುಗಳ ಹೆಸರು ಹಾಕಿ ಪ್ರಸಾರ ಮಾಡಿತು, ಮೋಸಹೋದೆವೆಂದು ತಿಳಿದ ಜನರು ಕೇಂದ್ರವಿದ್ದ ಪತ್ರಿಕಾ ಕಟ್ಟಡಕ್ಕೆ ಬೆಂಕಿಯಿಟ್ಟರು, ಜೀವಗಳೂ ಹೋದವು.

ಈಗ 1950ಕ್ಕೆ ಬನ್ನಿ. ಆ ವರ್ಷದ ಏಪ್ರಿಲ್ 8ರಂದು ಎನ್‌ಬಿಸಿ ಜಾಲದಲ್ಲಿ 'ಡೈಮೆನ್ಶನ್ ಎಕ್ಸ್' ಎಂಬ ನಾಟಕಮಾಲೆ ಆರಂಭವಾಯಿತು. ಅದುವರೆಗೆ ಅನ್ಯಗ್ರಹದ ಕತೆಗಳೆಂದರೆ ಸಂಜೆ ಶಾಲೆಯಿಂದ ಬಂದ ಹುಡುಗರಿಗಾಗಿ ಎಂಬ ಭಾವನೆಯಿತ್ತು. ಇದು ದೊಡ್ಡವರಿಗಾಗಿ ಬಂದದ್ದು. ಅರ್ನೆಸ್ಟ್ ಕಿನಾಯ್ ಮತ್ತು ಜಾರ್ಜ್ ಲೆಫರ್ಟ್ಸ್ ಎಂಬ ಇಬ್ಬರು ಯುವ ಬರಹಗಾರರು ಪತ್ರಿಕೆಗಳಲ್ಲಿ ಬಂದ ಒಳ್ಳೆಯ ಕತೆಗಳನ್ನು ಆಯ್ದು ಅರ್ಧ ಗಂಟೆಯ ನಾಟಕಗಳಾಗಿ ಮಾರ್ಪಡಿಸುತ್ತಿದ್ದರು. ಜುಲೈ 7ರ ರಾತ್ರಿ ಪ್ರಸಾರವಾದದ್ದು ರೇ ಬ್ರಾಡ್‌ಬರಿಯವರ 'ಮಂಗಳವೇ ಸ್ವರ್ಗ' ಎಂಬರ್ಥದ ಹೆಸರಿನ ಕತೆ. ಅದು 1948ರಲ್ಲಿ ಅಚ್ಚಾಗಿತ್ತು. ಈ ಇಡೀ ಪ್ರಕಾರದಲ್ಲಿ ಒಂದೇ ನಾಟಕವನ್ನು ಕೇಳಿ ಎಂದು ನಿಮಗೆ ಹೇಳಬೇಕಾದರೆ ನಾನು ಇದನ್ನೇ ಹೇಳುತ್ತೇನೆ.

ಕತೆ ಸರಳ. ಭೂಮಿಯಿಂದ ಹೊರಟ ನೌಕೆಯೊಂದು ಮಂಗಳಗ್ರಹದಲ್ಲಿ ಇಳಿಯುತ್ತದೆ. ಕಿಟಕಿಯಾಚೆ ನೋಡಿದರೆ ಕೆಂಪು ಮರುಭೂಮಿಯಿಲ್ಲ. ಹಸಿರು ಹುಲ್ಲು, ಮರದ ಮನೆಗಳು, ಹೂಗಿಡಗಳು, ಎಲ್ಲೋ ಪಿಯಾನೋ ನುಡಿಸುವ ಸದ್ದು. ತಾವು ಬಾಲ್ಯದಲ್ಲಿ ಬಿಟ್ಟುಬಂದ ಅಮೇರಿಕದ ಸಣ್ಣ ಊರೇ ಎದುರಿಗಿದೆ. ಮೊದಲು ಒಬ್ಬನಿಗೆ ಎಂದೋ ತೀರಿಕೊಂಡ ಅಜ್ಜ ಅಜ್ಜಿ ಕಾಣಸಿಗುತ್ತಾರೆ. ಅಪ್ಪಿಕೊಳ್ಳುತ್ತಾರೆ, ಮನೆಗೆ ಕರೆಯುತ್ತಾರೆ. ನಮಗೆ ಎರಡನೆಯ ಅವಕಾಶ ದೊರಕಿದೆ, ಪ್ರಶ್ನೆ ಕೇಳಬೇಡಿ ಎನ್ನುತ್ತಾರೆ. ನೋಡನೋಡುತ್ತಿದ್ದಂತೆ ನೌಕೆಯವರೆಲ್ಲ ಶಿಸ್ತು ಮರೆತು, ಆಯುಧ ಬಿಟ್ಟು, ತಮ್ಮ ತಮ್ಮ ಸತ್ತವರ ಕೈ ಹಿಡಿದು ಮನೆಗಳೊಳಗೆ ಕಾಣೆಯಾಗುತ್ತಾರೆ. ನಾಯಕ ಜಾನ್ ಬ್ಲ್ಯಾಕ್ ಗದರುತ್ತಾನೆ, ತಡೆಯುತ್ತಾನೆ. ಆಮೇಲೆ ಅವನ ತೀರಿಹೋದ ಅಣ್ಣನೂ ಓಡಿ ಬರುತ್ತಾನೆ. ಅಪ್ಪ, ಅಮ್ಮ ಜಗಲಿಯಲ್ಲಿ ಕಾದಿದ್ದಾರೆ. ಊಟವಾಗುತ್ತದೆ, ಹಳೆಯ ಮಾತುಗಳಾಗುತ್ತವೆ. ರಾತ್ರಿ ಚಿಕ್ಕಂದಿನಂತೆಯೇ ಅಣ್ಣನ ಪಕ್ಕದಲ್ಲಿ ಮಲಗಿದಾಗ, ಕತ್ತಲಲ್ಲಿ, ನಾಯಕನ ತಲೆಗೆ ಒಂದು ಆಲೋಚನೆ ಬರುತ್ತದೆ. ಮಂಗಳದವರಿಗೆ ಮನಸ್ಸನ್ನು ಓದುವ ಶಕ್ತಿಯಿದ್ದರೆ? ಭೂಮಿಯವರ ಬಂದೂಕುಗಳನ್ನು ಕೆಳಗಿಳಿಸಲು ನಮ್ಮದೇ ನೆನಪುಗಳಿಗಿಂತ ಒಳ್ಳೆಯ ಉಪಾಯ ಅವರಿಗೆ ಇನ್ನೇನಿದೆ? ಪಕ್ಕದಲ್ಲಿ ಮಲಗಿರುವುದು ನಿಜಕ್ಕೂ ಅಣ್ಣನೇ? ಮೆಲ್ಲನೆ ಎದ್ದು ಬಾಗಿಲ ಕಡೆಗೆ ಹೆಜ್ಜೆಯಿಡುತ್ತಾನೆ. ಹಿಂದಿನಿಂದ ಅಣ್ಣನ ದನಿ: ಎಲ್ಲಿಗೆ ಹೊರಟೆ? ನೀರು ಕುಡಿಯಲು, ಎನ್ನುತ್ತಾನೆ ಇವನು. ನಿನಗೆ ಬಾಯಾರಿಕೆಯಿಲ್ಲವಲ್ಲ, ಎನ್ನುತ್ತದೆ ಆ ದನಿ.

ಇಲ್ಲಿ ಒಂದು ಕ್ಷಣ ನಿಲ್ಲಿ. ಪುಸ್ತಕದಲ್ಲಿ ಆ ದನಿ ತಣ್ಣಗಾಯಿತೆಂದು ಲೇಖಕನೇ ನಮಗೆ ಹೇಳಬೇಕು. ಸಿನಿಮಾದಲ್ಲಾದರೆ ಮುಖ ಬದಲಾದದ್ದನ್ನು ತೋರಿಸಿಬಿಡುತ್ತಾರೆ. ರೇಡಿಯೋದಲ್ಲಿ ಮಾತ್ರ ನೀವೂ ನಾಯಕನೂ ಒಂದೇ ಕತ್ತಲಲ್ಲಿರುತ್ತೀರಿ. ಅವನಿಗೂ ಕಾಣುವುದಿಲ್ಲ, ನಿಮಗೂ ಕಾಣುವುದಿಲ್ಲ. ಅದೇ ನಟ, ಅದೇ ಕಂಠ. ಅರ್ಧ ಗಂಟೆಯಿಂದ ಪ್ರೀತಿಯಿಂದ ಮಾತನಾಡುತ್ತಿದ್ದ ಅದೇ ಅಣ್ಣ. ಏನೋ ಒಂದು ಎಳೆ ಮಾತ್ರ ಸಡಿಲಿದೆ. ಮೂಲಕಥೆ ಮರುದಿನದ ಶವಸಂಸ್ಕಾರದವರೆಗೆ ಹೋಗುತ್ತದೆ. ವಾದ್ಯದವರ ಮೆರವಣಿಗೆ, ಊರ ಮುಖ್ಯಸ್ಥನ ಭಾಷಣ, ಕಣ್ಣೀರು ಸುರಿಸುವ 'ಬಂಧುಗಳು', ಅಳುತ್ತಲೇ ಕರಗಿ ಬೇರೇನೋ ಆಗುತ್ತಿರುವ ಅವರ ಮುಖಗಳು. ನನ್ನ ಮಟ್ಟಿಗೆ ಹೇಳುವುದಾದರೆ ಭಯ ಅಷ್ಟು ದೂರ ಹೋಗಬೇಕಾಗಿಲ್ಲ. ಅದು ಮಲಗುವ ಕೋಣೆಯಲ್ಲಿಯೇ ಪೂರ್ತಿಯಾಗಿದೆ. ಏಕೆಂದರೆ ಆ ಮನುಷ್ಯರನ್ನು ಕೊಂದದ್ದು ದುರಾಸೆಯಲ್ಲ, ಮೂರ್ಖತನವೂ ಅಲ್ಲ. ಸತ್ತ ತಾಯಿಯನ್ನು ಒಮ್ಮೆ ನೋಡಬೇಕೆಂಬ, ನಮ್ಮಲ್ಲಿ ಯಾರಿಗಿಲ್ಲ ಹೇಳಿ, ಆ ಹಂಬಲ.

ಈ ನಾಟಕವನ್ನು ರೇಡಿಯೋಗೆ ರೂಪಿಸಿದ ಅರ್ನೆಸ್ಟ್ ಕಿನಾಯ್ ಯಾರೆಂಬುದನ್ನೂ ನೀವು ತಿಳಿಯಬೇಕು. 1944ರ ಡಿಸೆಂಬರಿನಲ್ಲಿ, ಬೆಲ್ಜಿಯಂ ಗಡಿಯ ಆರ್ಡೆನ್ಸ್ ಕಾಡಿನ ಹಿಮದಲ್ಲಿ, ಜರ್ಮನ್ನರು ಕೊನೆಯ ದೊಡ್ಡ ದಾಳಿ ನಡೆಸಿದಾಗ ಅವರು ಅಮೇರಿಕದ 106ನೇ ಪದಾತಿ ದಳದ ಸಾಮಾನ್ಯ ಸಿಪಾಯಿ. ಅದೇ ದಾಳಿಯಲ್ಲಿ ಆಟೋ ಸ್ಕಾರ್ಟ್ಸೆನಿ ಎಂಬ ಅಧಿಕಾರಿಯ ಕೆಳಗೆ, ಇಂಗ್ಲಿಷ್ ಬಲ್ಲ ಜರ್ಮನ್ ಸೈನಿಕರು ಅಮೇರಿಕದ ಸಮವಸ್ತ್ರ ತೊಟ್ಟು, ಅಮೇರಿಕದ ಜೀಪುಗಳಲ್ಲಿ ಕುಳಿತು ಸಾಲುಗಳೊಳಗೆ ನುಸುಳಿದ್ದರು. ಅವರ ಸಂಖ್ಯೆ ಹೆಚ್ಚಿರಲಿಲ್ಲ, ಮಾಡಿದ ಹಾನಿಯೂ ಹೆಚ್ಚಲ್ಲ. ಆದರೆ ಸುದ್ದಿ ಹಬ್ಬಿದ ಮೇಲೆ ಯಾರೂ ಯಾರನ್ನೂ ನಂಬದಂತಾಯಿತು. ಪ್ರತಿ ಕೂಡುದಾರಿಯಲ್ಲೂ ಕಾವಲುಗಾರರು ತಮ್ಮವರನ್ನೇ ತಡೆದು, ಅಮೇರಿಕದಲ್ಲಿ ಬೆಳೆದವನಿಗೆ ಮಾತ್ರ ಗೊತ್ತಿರಬಹುದಾದ ಪ್ರಶ್ನೆಗಳನ್ನು ಕೇಳತೊಡಗಿದರು. ಮಹಾದಂಡನಾಯಕ ಒಮಾರ್ ಬ್ರಾಡ್ಲಿಯವರನ್ನೇ ಒಬ್ಬ ಕಾವಲುಗಾರ ತಡೆದು ಇಲಿನಾಯ್ ರಾಜ್ಯದ ರಾಜಧಾನಿ ಯಾವುದೆಂದು ಕೇಳಿದ. ಅವರು ಸ್ಪ್ರಿಂಗ್‌ಫೀಲ್ಡ್ ಎಂದರು. ಉತ್ತರ ಸರಿಯಾದದ್ದೇ. ಆದರೆ ಕಾವಲುಗಾರ ಅದು ಶಿಕಾಗೋ ಎಂದು ತಿಳಿದಿದ್ದ! ಬ್ರಾಡ್ಲಿ ಈ ಪ್ರಸಂಗವನ್ನು ತಮ್ಮ ನೆನಪುಗಳಲ್ಲಿ ನಗುತ್ತಲೇ ಬರೆದಿದ್ದಾರೆ. ಪರೀಕ್ಷೆ ಮಾಡುವವನ ತಿಳಿವಳಿಕೆಯೇ ತಪ್ಪಾಗಿದ್ದರೆ ನಿಜವಾದವನ ಗತಿಯೇನು ಎಂಬುದು ಮಾತ್ರ ನಗುವ ವಿಷಯವಲ್ಲ.

ಕಿನಾಯ್ ಆ ಕದನದಲ್ಲಿ ಸೆರೆಸಿಕ್ಕರು. ಸೆರೆಯಲ್ಲಿ ಇನ್ನೊಂದು ಬಗೆಯ ಗುರುತಿನ ಪರೀಕ್ಷೆ ಕಾದಿತ್ತು. ಯೆಹೂದ್ಯ ಸೈನಿಕರನ್ನೂ, ಹಾಗೆಂದು ಸಂಶಯ ಬಂದವರನ್ನೂ, ತಂಟೆಕೋರರೆಂದು ಕಂಡವರನ್ನೂ ಬೇರ್ಪಡಿಸಿ, ಸುಮಾರು 350 ಮಂದಿಯನ್ನು ಬರ್ಗಾ ಎಂಬಲ್ಲಿಗೆ, ಬೆಟ್ಟ ಕೊರೆಯುವ ಗುಲಾಮಚಾಕರಿಗೆ ಅಟ್ಟಿದರು. ಕಿನಾಯ್ ಆ ಗುಂಪಿನಲ್ಲಿದ್ದರು. ಬದುಕಿ ಬಂದರು. ಮುಂದೆ 1977ರ ಪ್ರಸಿದ್ಧ ದೂರದರ್ಶನ ಧಾರಾವಾಹಿ 'ರೂಟ್ಸ್'ಗೆ ಬರೆದವರಲ್ಲಿಯೂ ಅವರೊಬ್ಬರು. ಅದು ಹೆಸರನ್ನೇ ಕಸಿದುಕೊಳ್ಳಲಾದ ಗುಲಾಮರ ಕತೆ. ಅವರ ರೇಡಿಯೋ ನಾಟಕಗಳಿಗೂ ಸೆರೆಮನೆಗೂ ನೇರ ಗಂಟು ಹಾಕುವ ಅವಸರ ನನಗಿಲ್ಲ. ಆದರೂ, ಪಕ್ಕದಲ್ಲಿರುವವನು ನಿಜಕ್ಕೂ ನಮ್ಮವನೇ ಎಂಬ ಪ್ರಶ್ನೆ ಕೆಲವರಿಗೆ ಕತೆಯ ಪ್ರಶ್ನೆ. ಅವರಿಗೆ ಮಾತ್ರ ಅದು ಹಿಮದಲ್ಲಿ ನಿಂತು ಕೇಳಿದ ಪ್ರಶ್ನೆ.

ಆ ನಾಟಕ ಪ್ರಸಾರವಾದ ವಾರಗಳನ್ನೇ ಗಮನಿಸಿ. 1950ರ ಜೂನ್ 22ರಂದು ನ್ಯೂಯಾರ್ಕಿನಲ್ಲಿ 'ರೆಡ್ ಚಾನೆಲ್ಸ್' ಎಂಬ ಒಂದು ಕಿರುಹೊತ್ತಗೆ ಪ್ರಕಟವಾಯಿತು. ಮೂರು ದಿನಗಳ ನಂತರ ಕೊರಿಯಾದಲ್ಲಿ ಯುದ್ಧ ಆರಂಭವಾಯಿತು. ಮತ್ತೆ ಹನ್ನೆರಡು ದಿನಗಳಿಗೆ 'ಮಂಗಳವೇ ಸ್ವರ್ಗ'. ಆ ಕಿರುಹೊತ್ತಗೆಯಲ್ಲಿದ್ದದ್ದು ರೇಡಿಯೋ ಮತ್ತು ದೂರದರ್ಶನದಲ್ಲಿ ದುಡಿಯುತ್ತಿದ್ದ 151 ಜನರ ಹೆಸರುಗಳು. ಇವರು ನಮ್ಮವರಂತೆ ಕಾಣುತ್ತಾರೆ, ನಮ್ಮಂತೆಯೇ ಮಾತನಾಡುತ್ತಾರೆ, ಆದರೆ ಒಳಗೆ ಕಮ್ಯುನಿಸ್ಟರ ಕಡೆಯವರು ಎಂಬುದು ಅದರ ಧ್ವನಿ. ಯಾವ ಸಭೆಗೆ ಹೋದರು, ಯಾವ ಮನವಿಗೆ ಸಹಿ ಹಾಕಿದರು ಎಂಬ ಪಟ್ಟಿಯೇ ಸಾಕ್ಷ್ಯ. ಮಂಗಳದವರ ನಾಟಕದಿಂದ ದೇಶವನ್ನು ನಡುಗಿಸಿದ ಆರ್ಸನ್ ವೆಲ್ಸ್ ಹೆಸರೂ ಅದರಲ್ಲಿತ್ತು. ಸಿಬಿಎಸ್ ಅದೇ ವರ್ಷದ ಡಿಸೆಂಬರಿನಲ್ಲಿ ತನ್ನ ನೌಕರರಿಂದೆಲ್ಲ ದೇಶನಿಷ್ಠೆಯ ಲಿಖಿತ ಹೇಳಿಕೆ ಕೇಳಿತು. ಅಂದರೆ, ವೇಷಧಾರಿ ಅನ್ಯರ ನಾಟಕಗಳು ಹೊರಡುತ್ತಿದ್ದ ಧ್ವನಿಶಾಲೆಗಳಲ್ಲೇ ಪಕ್ಕದ ಮೈಕಿನವನು ವೇಷಧಾರಿಯೋ ಎಂಬ ಪಿಸುಮಾತು ಹರಿದಾಡುತ್ತಿತ್ತು.

ಆ 151 ಮಂದಿಯಲ್ಲಿ ಒಬ್ಬರ ಕುರಿತು ಹೇಳದೆ ಮುಂದೆ ಹೋಗಲಾರೆ. ಫಿಲಿಪ್ ಲೋಬ್ ಎಂಬ ನಟ. ಗೋಲ್ಡ್‌ಬರ್ಗ್ ಎಂಬ ಯೆಹೂದ್ಯ ಕುಟುಂಬದ ನಗು-ಅಳುವಿನ ಧಾರಾವಾಹಿ 1929ರಿಂದ ರೇಡಿಯೋದಲ್ಲಿ ಬೆಳೆದು 1949ರಲ್ಲಿ ದೂರದರ್ಶನಕ್ಕೆ ಬಂದಾಗ, ಅದರಲ್ಲಿ ತಂದೆಯ ಪಾತ್ರ ಅವರದು. ದೇಶದ ಎಷ್ಟೋ ಮನೆಗಳಿಗೆ ಅವರು ಸಂಜೆಯ ವೇಳೆ ಬಂದುಹೋಗುವ ನೆಂಟನಂತಾಗಿದ್ದರು. ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಪ್ರಾಯೋಜಕರು ಅವರನ್ನು ತೆಗೆಯಬೇಕೆಂದರು. ಧಾರಾವಾಹಿಯ ಲೇಖಕಿಯೂ ನಾಯಕಿಯೂ ಆಗಿದ್ದ ಗರ್ಟ್ರೂಡ್ ಬರ್ಗ್ ಮೊದಲು ಒಪ್ಪಲಿಲ್ಲ. ಕೊನೆಗೆ ಧಾರಾವಾಹಿಯೇ ನಿಂತುಹೋಗುವ ಸ್ಥಿತಿ ಬಂದಾಗ 1952ರಲ್ಲಿ ಲೋಬ್ ಹೊರಬಿದ್ದರು. ತಾನು ಎಂದೂ ಆ ಪಕ್ಷದ ಸದಸ್ಯನಾಗಿರಲಿಲ್ಲವೆಂದು ಅವರು ಪ್ರಮಾಣ ಮಾಡಿ ಹೇಳಿದ್ದರು. ಮಾನಸಿಕವಾಗಿ ಅಸ್ವಸ್ಥನಾದ ಮಗನ ಆರೈಕೆಯ ಹೊಣೆ ಅವರ ಮೇಲಿತ್ತು. ಕೆಲಸ ದೊರೆಯುವುದೇ ಕಷ್ಟವಾಯಿತು. 1955ರ ಸೆಪ್ಟೆಂಬರ್ 1ರಂದು ನ್ಯೂಯಾರ್ಕಿನ ಹೋಟೆಲಿನ ಕೋಣೆಯೊಂದರಲ್ಲಿ ಅವರು ಜೀವ ಕಳೆದುಕೊಂಡರು. ತಾನು ತಾನೇ ಎಂದು ಸಾಧಿಸಿ ತೋರಿಸುವುದು ಹೇಗೆ, ವಾಚಕರೇ? ಬ್ರಾಡ್ಲಿಯವರಿಗಾದರೋ ಜೊತೆಯಲ್ಲಿ ಪದವಿಯ ನಕ್ಷತ್ರಗಳಿದ್ದವು.

'ಡೈಮೆನ್ಶನ್ ಎಕ್ಸ್' 1951ರಲ್ಲಿ ನಿಂತಿತು. 1955ರ ಏಪ್ರಿಲಿನಲ್ಲಿ ಅದೇ ಬಳಗ 'ಎಕ್ಸ್ ಮೈನಸ್ ಒನ್' ಎಂಬ ಹೆಸರಿನಲ್ಲಿ ಮರಳಿ ಬಂದು 1958ರ ಜನವರಿಯವರೆಗೆ ನಡೆಯಿತು. ಅಷ್ಟರಲ್ಲಿ ಕಾಲದ ಹವೆ ಸ್ವಲ್ಪ ತಿಳಿಯಾಗಿತ್ತು, ನಾಟಕಗಳಿಗೂ ಕೊಂಚ ನಗುವ ಧೈರ್ಯ ಬಂದಿತ್ತು. 1956ರಲ್ಲಿ ಬಂದ ಫ್ರೆಡ್ರಿಕ್ ಬ್ರೌನ್‌ರ ಕತೆಯಲ್ಲಿ ಹೋಟೆಲಿನಲ್ಲಿ ಕುಳಿತ ಒಬ್ಬಾತ, ತಾನು ಮಂಗಳದವನು, ತನ್ನವರೆಲ್ಲ ಸತ್ತರು, ಹೇಗೋ ಈ ಅಪರಿಚಿತ ಮನುಷ್ಯನ ಮೈಯಲ್ಲಿ ಎಚ್ಚರಗೊಂಡಿದ್ದೇನೆ ಎಂದು ಗೋಳಾಡುತ್ತಾನೆ. ಪತ್ರಕರ್ತನೊಬ್ಬ ಕರುಣೆಯಿಂದ ಕೇಳಿ, ಎಲ್ಲವನ್ನೂ ಮರೆತು ಮನೆಗೆ ಹೋಗು, ನಿನಗೊಬ್ಬಳು ಹೆಂಡತಿಯಿದ್ದಾಳೆ ಎಂದು ಸಮಾಧಾನ ಮಾಡಿ ಕಳಿಸುತ್ತಾನೆ. ಆಮೇಲೆ ತಿಳಿಯುತ್ತದೆ: ಸಮಾಧಾನ ಮಾಡಿದ ಪತ್ರಕರ್ತನೂ ಮಂಗಳದವನೇ, ಅವನ ಸಂಪಾದಕನೂ ಮಂಗಳದವನೇ. ಅದೇ ವರ್ಷದ ಅಕ್ಟೋಬರಿನಲ್ಲಿ ಫಿಲಿಪ್ ಕೆ. ಡಿಕ್‌ರ 'ಕಾಲನಿ' ಬಂತು. ಹೊಸ ಗ್ರಹವೊಂದನ್ನು ಪರೀಕ್ಷಿಸಲು ಹೋದವರನ್ನು ಅಲ್ಲಿನ ಜೀವಿಗಳು ಮನುಷ್ಯರ ರೂಪದಲ್ಲಿ ಹಿಡಿಯುವುದಿಲ್ಲ. ಸೂಕ್ಷ್ಮದರ್ಶಕವಾಗಿ, ಸೊಂಟಪಟ್ಟಿಯಾಗಿ, ಮೈ ಒರೆಸುವ ಟವೆಲಾಗಿ ಕಾದು ಕುಳಿತಿರುತ್ತವೆ. ಕೊನೆಗೆ ಯಾವ ವಸ್ತುವನ್ನೂ ನಂಬಲಾರದೆ ಆ ಜನರು ಬಟ್ಟೆಯನ್ನೂ ಕಳಚಿ, ಬೆತ್ತಲೆಯಾಗಿ, ತಮ್ಮನ್ನು ಕರೆದೊಯ್ಯಲು ಬಂದ ನೌಕೆಯನ್ನು ಹತ್ತುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ನಿಜವಾದ ನೌಕೆ ಬಂದಿಳಿಯುತ್ತದೆ. ಅಲ್ಲಿ ಯಾರೂ ಇಲ್ಲ. ಡಿಕ್‌ರ ಚಾತುರ್ಯವನ್ನು ಮೆಚ್ಚಲೇಬೇಕು, ಆದರೆ ಬ್ರಾಡ್‌ಬರಿಯವರ ಅಣ್ಣನ ದನಿ ಹೋದಷ್ಟು ಆಳಕ್ಕೆ ಆ ಟವೆಲು ಇಳಿಯುವುದಿಲ್ಲ.

ಇಂಗ್ಲೆಂಡಿನ ಕತೆ ಬೇರೆ. ಅಲ್ಲಿ ಬಿಬಿಸಿಯಲ್ಲಿ 1953ರ ಸೆಪ್ಟೆಂಬರಿನಿಂದ ಚಾರ್ಲ್ಸ್ ಚಿಲ್ಟನ್ ಎಂಬವರು ಬರೆದು ನಿರ್ಮಿಸಿದ 'ಜರ್ನಿ ಇನ್‌ಟು ಸ್ಪೇಸ್' ವಾರವಾರವೂ ಬರತೊಡಗಿತು. ದೂರದರ್ಶನ ಮನೆಮನೆಗೆ ಬರುತ್ತಿದ್ದ ಆ ದಿನಗಳಲ್ಲಿ, ಸಂಜೆ ಅದಕ್ಕಿಂತ ಹೆಚ್ಚು ಕೇಳುಗರನ್ನು ಹಿಡಿದಿಟ್ಟ ಕೊನೆಯ ರೇಡಿಯೋ ಕಾರ್ಯಕ್ರಮ ಇದೆಂದು ಹೇಳುತ್ತಾರೆ. ಈ ಚಿಲ್ಟನ್ ನಮಗೆ ಪೂರ್ತಿ ಅಪರಿಚಿತರೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ವಾಯುಪಡೆಯಿಂದ ಸಿಲೋನಿಗೆ ಬಂದು ಅಲ್ಲಿನ ಸೈನಿಕರ ರೇಡಿಯೋದಲ್ಲಿ ಕೆಲಸ ಮಾಡಿದ್ದರು. ಯುದ್ಧಾನಂತರ ಸೈನಿಕರ ಆ ಪ್ರಸಾರ ವ್ಯವಸ್ಥೆಯೇ ರೇಡಿಯೋ ಸಿಲೋನಿನ ಕೈಸೇರಿತು. ಬುಧವಾರ ರಾತ್ರಿ ಹಿಂದಿ ಚಿತ್ರಗೀತೆಗಳಿಗಾಗಿ ನಮ್ಮ ಹಿರಿಯರು ಮುಳ್ಳು ತಿರುಗಿಸಿ ಹುಡುಕುತ್ತಿದ್ದದ್ದು ಅದನ್ನೇ. ಅಲ್ಲಿ ಅವರ ಜೊತೆಗಿದ್ದ ಡೇವಿಡ್ ಜೇಕಬ್ಸ್ ಮುಂದೆ 'ಜರ್ನಿ ಇನ್‌ಟು ಸ್ಪೇಸ್'ನಲ್ಲಿ ಅನೇಕ ಚಿಕ್ಕ ಪಾತ್ರಗಳ ಕಂಠವಾದರು. ಒಂದೇ ಗಂಟಲಿನಿಂದ ಎಷ್ಟೋ ಮಂದಿ ಹೊರಬರುತ್ತಿದ್ದರು. ಕೇಳುಗರಿಗೆ ಪತ್ತೆಯೇ ಇಲ್ಲ.

1954ರ ಸೆಪ್ಟೆಂಬರಿನಲ್ಲಿ ಆರಂಭವಾದ ಎರಡನೆಯ ಕಂತುಮಾಲೆ 'ದಿ ರೆಡ್ ಪ್ಲಾನೆಟ್'ನಲ್ಲಿ ಭೂಮಿಯ ನೌಕೆಗಳ ಒಂದು ತಂಡ ಮಂಗಳದತ್ತ ಹೊರಡುತ್ತದೆ. ಸಿಬ್ಬಂದಿಯಲ್ಲಿ ವಿಟೇಕರ್ ಎಂಬವನೊಬ್ಬ. ಕೆಲಸದಲ್ಲಿ ಅಚ್ಚುಕಟ್ಟು, ಯಾರ ಗೊಡವೆಗೂ ಹೋಗದವನು. ಅವನ ಮಾತಿನಲ್ಲಿ ಮಾತ್ರ ಏರಿಳಿತವೇ ಇಲ್ಲ. ಆಜ್ಞೆಗಳನ್ನು ಪ್ರಶ್ನಿಸದೆ ಪಾಲಿಸಬೇಕೆಂಬ ಒಂದೇ ಮಾತನ್ನು ಅವನು ಅದೇ ಚಪ್ಪಟೆ ದನಿಯಲ್ಲಿ ಹೇಳುವಾಗ ಮಕ್ಕಳು ಕಂಬಳಿಯೊಳಗೆ ತಲೆ ಹುದುಗಿಸಿಕೊಳ್ಳುತ್ತಿದ್ದರಂತೆ. ಕ್ರಮೇಣ ತಿಳಿಯುತ್ತದೆ, ವಿಟೇಕರ್ ಅನ್ಯಗ್ರಹದವನಲ್ಲ. ದಶಕಗಳ ಹಿಂದೆ ಭೂಮಿಯಿಂದ ಕಾಣೆಯಾಗಿದ್ದ ಸಾಮಾನ್ಯ ಮನುಷ್ಯ. ಮಂಗಳದವರು ಅವನ ಮನಸ್ಸನ್ನು ಪಳಗಿಸಿ, ಅವನ ಬಾಯಿಂದ ತಮ್ಮ ಮಾತನ್ನು ಆಡಿಸುತ್ತಿದ್ದಾರೆ. ಮಂಗಳದಲ್ಲಿ ಇಂಥವರು ಇನ್ನೂ ಎಷ್ಟೋ ಮಂದಿ. ಒಂದು ರೈತ ದಂಪತಿಗಳಂತೂ ತಾವು ಆಸ್ಟ್ರೇಲಿಯದ ಹೊಲದಲ್ಲೇ ಇದ್ದೇವೆಂದು ಪೂರ್ಣವಾಗಿ ನಂಬಿ, ಬಂದವರನ್ನು ಸತ್ಕರಿಸುತ್ತಾರೆ. ಇಲ್ಲಿ ವೇಷಧಾರಿಯೇ ಇಲ್ಲ ನೋಡಿ. ಮುಖ ಅವನದೇ, ಮೈ ಅವನದೇ, ಹೆಸರೂ ಅವನದೇ. ಒಳಗಿನವನು ಮಾತ್ರ ಎಲ್ಲಿಗೋ ಹೋಗಿಬಿಟ್ಟಿದ್ದಾನೆ.

ಆ ವರ್ಷದ ಕೇಳುಗರಿಗೆ ಇದು ಬರಿಯ ಕಲ್ಪನೆಯಾಗಿ ಕೇಳಿಸಿರಲಾರದು. ಕೊರಿಯಾ ಯುದ್ಧದ ಕೈದಿಗಳ ವಿನಿಮಯ ಮುಗಿದಾಗ, 1954ರ ಜನವರಿಯಲ್ಲಿ, 21 ಅಮೇರಿಕನ್ ಸೈನಿಕರೂ ಒಬ್ಬ ಬ್ರಿಟಿಷ್ ಸೈನಿಕನೂ ತಾಯ್ನಾಡಿಗೆ ಮರಳಲು ಒಪ್ಪದೆ ಚೀನಾಕ್ಕೆ ಹೋದರು. ಎಡ್ವರ್ಡ್ ಹಂಟರ್ ಎಂಬ ಪತ್ರಕರ್ತ 1950ರಲ್ಲಿ ಇಂಗ್ಲಿಷಿಗೆ ತಂದಿದ್ದ 'ಬ್ರೇನ್ ವಾಷಿಂಗ್' ಎಂಬ ಮಾತು ಆಗ ಎಲ್ಲರ ನಾಲಿಗೆಯ ಮೇಲೆ ಬಂತು. ಅವರ ಮನಸ್ಸನ್ನು ತೊಳೆದುಬಿಟ್ಟಿದ್ದಾರೆ, ಅವರು ಅವರಲ್ಲ, ಎಂದು ಜನ ಹೇಳಿಕೊಂಡರು. ಮುಂದಿನ ವರ್ಷಗಳಲ್ಲಿ ಆ 21 ಮಂದಿಯಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ಊರಿಗೆ ಮರಳಿದರು. ಮನೆಯವರು ಬಾಗಿಲು ತೆರೆದಾಗ ಎದುರಿಗೆ ನಿಂತವನು ಯಾರೆಂದು ಬಗೆದರೋ!

ನಮ್ಮವರನ್ನು ನಮ್ಮವರೆಂದು ನಾವು ಗುರುತಿಸುವುದಾದರೂ ಯಾವುದರಿಂದ? ವೈದ್ಯರಿಗೆ ಈ ಪ್ರಶ್ನೆ 1923ರಲ್ಲಿಯೇ ಎದುರಾಗಿತ್ತು. ಫ್ರಾನ್ಸಿನ ಜೋಸೆಫ್ ಕ್ಯಾಪ್‌ಗ್ರಾ ಎಂಬ ಮನೋವೈದ್ಯರು ತಮ್ಮ ಸಹೋದ್ಯೋಗಿಯೊಡನೆ ಒಬ್ಬ ಮಹಿಳೆಯ ವಿಷಯ ಬರೆದರು. ತನ್ನ ಗಂಡ, ಮಕ್ಕಳನ್ನೆಲ್ಲ ಯಾರೋ ಅಪಹರಿಸಿ, ಅವರಂತೆಯೇ ಕಾಣುವ ಬೇರೆಯವರನ್ನು ತಂದಿಟ್ಟಿದ್ದಾರೆಂದು ಆಕೆ ನಂಬಿದ್ದಳು. ಎಷ್ಟೋ ಕಾಲದ ಮೇಲೆ ತಮಿಳುನಾಡಿನಲ್ಲಿ ಹುಟ್ಟಿ ಅಮೇರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಒಬ್ಬ ತರುಣನನ್ನು ಪರೀಕ್ಷಿಸಿದರು. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೆ ಅವನು, ಈಕೆ ನನ್ನ ತಾಯಿಯಂತೆಯೇ ಇದ್ದಾಳೆ, ಆದರೆ ತಾಯಿಯಲ್ಲ ಎನ್ನುತ್ತಿದ್ದ. ಆಶ್ಚರ್ಯವೆಂದರೆ, ಅದೇ ತಾಯಿ ಟೆಲಿಫೋನಿನಲ್ಲಿ ಮಾತನಾಡಿದರೆ ಒಡನೆ ಗುರುತಿಸಿ ಸಂತೋಷಪಡುತ್ತಿದ್ದ! ಮುಖವನ್ನು ನೋಡುವ ಮಿದುಳಿನ ಭಾಗಕ್ಕೂ ಮಮತೆಯನ್ನು ಮೂಡಿಸುವ ಭಾಗಕ್ಕೂ ಇದ್ದ ದಾರಿ ಕಡಿದುಹೋಗಿದೆ, ಕಿವಿಯಿಂದ ಹೋಗುವ ದಾರಿ ಉಳಿದಿದೆ ಎಂದು ರಾಮಚಂದ್ರನ್ ವಿವರಿಸಿದರು. ನೋಡಿದಾಗ ಹೃದಯ ಮಿಡಿಯುವುದಿಲ್ಲ. ಆದ್ದರಿಂದ ಈಕೆ ಬೇರೆಯವಳೆಂದು ಬುದ್ಧಿ ತೀರ್ಮಾನಿಸುತ್ತದೆ. ಮುಪ್ಪಿನ ಮರೆವಿನಲ್ಲಿಯೂ ಇಂತಹುದು ಉಂಟು. ನಿಮ್ಮ ಮನೆಯ ಹಿರಿಯರೊಬ್ಬರು ನಿಮ್ಮ ಮುಖವನ್ನೇ ದಿಟ್ಟಿಸಿ, ನೀನು ಯಾರಪ್ಪಾ, ನನ್ನ ಮಗ ಎಲ್ಲಿ ಎಂದು ಕೇಳಿದ್ದರೆ, ಆ ಗಳಿಗೆ ಎಂಥದೆಂದು ನಾನು ಹೇಳಬೇಕಾಗಿಲ್ಲ. ಆಗ ಮಂಗಳದವರು ನಾವೇ.

ಆ ತರುಣನಿಗೆ ಉಳಿದಿದ್ದ ದಾರಿ ದನಿಯದು. ಈಗ ಆ ದಾರಿಯೂ ಭದ್ರವಲ್ಲ. ಕೆಲವೇ ಕ್ಷಣಗಳ ಧ್ವನಿಮುದ್ರಣ ದೊರೆತರೆ ಸಾಕು, ಯಾರ ಕಂಠವನ್ನಾದರೂ ಕಂಪ್ಯೂಟರ್ ಅನುಕರಿಸಬಲ್ಲದು. 2024ರ ಜನವರಿಯಲ್ಲಿ ಅಮೇರಿಕದ ನ್ಯೂಹ್ಯಾಂಪ್‌ಶೈರ್ ರಾಜ್ಯದ ಮತದಾರರಿಗೆ ಅಂದಿನ ಅಧ್ಯಕ್ಷ ಬೈಡನ್‌ರ ದನಿಯಲ್ಲಿ ಫೋನ್ ಕರೆಗಳು ಬಂದವು, ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಬೇಡಿ ಎಂದು. ಆ ದನಿ ಯಂತ್ರದ್ದು. 1938ರಲ್ಲಿ ರೂಸ್‌ವೆಲ್ಟರ ಕಂಠ ತೊಟ್ಟ ಕೆನ್ನಿ ಡೆಲ್ಮರ್ ಕನಿಷ್ಠ ಒಬ್ಬ ಮನುಷ್ಯನಾಗಿದ್ದ, ನಾಟಕದ ಕೊನೆಯಲ್ಲಿ ಇದು ನಾಟಕವೆಂದು ಹೇಳುವವರೂ ಇದ್ದರು. ಅಪಘಾತವಾಗಿದೆ, ಕೂಡಲೇ ಹಣ ಕಳಿಸಿ ಎಂದು ದೂರದೂರಿನಲ್ಲಿರುವ ಮಗನ ದನಿಯಲ್ಲೇ ಕರೆ ಬಂದು ಮೋಸಹೋದ ಕುಟುಂಬಗಳ ಸುದ್ದಿ ನಮ್ಮ ದೇಶದ ಪತ್ರಿಕೆಗಳಲ್ಲೂ ಬರುತ್ತಿದೆ. ಪರಿಚಿತರೊಬ್ಬರು ತಮ್ಮ ಮಕ್ಕಳೊಡನೆ ಮಾತನಾಡಿಕೊಂಡು ಒಂದು ಗುಟ್ಟಿನ ಪ್ರಶ್ನೆಯನ್ನು ಇಟ್ಟುಕೊಂಡಿದ್ದಾರೆ: ನಮ್ಮ ಹಳೆಯ ಹಸುವಿನ ಹೆಸರೇನು? ಆರ್ಡೆನ್ಸ್ ಕಾಡಿನ ಕಾವಲುಗಾರನನ್ನು ಕಂಡಂತಾಯಿತು ನನಗೆ. ಈ ಪರೀಕ್ಷೆಯಲ್ಲಿ ಕೇಳುವವರಿಗೂ ಸರಿಯುತ್ತರ ಗೊತ್ತಿದೆ ಎಂಬುದೊಂದೇ ವ್ಯತ್ಯಾಸ.

ಚಾರ್ಲ್ಸ್ ಚಿಲ್ಟನ್ ಕುರಿತು ಇನ್ನೊಂದು ಮಾತು ಉಳಿದಿದೆ. ಅವರು ಹುಟ್ಟಿದ್ದು 1917ರ ಜೂನಿನಲ್ಲಿ, ಲಂಡನ್ನಿನ ಬಡ ಕುಟುಂಬವೊಂದರಲ್ಲಿ. ಮಗು ಒಂದು ವರ್ಷ ತುಂಬುವ ಮೊದಲೇ, 1918ರ ಮಾರ್ಚಿನಲ್ಲಿ, ತಂದೆ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಮಡಿದರು. ಅವರಿಗಿನ್ನೂ ಹತ್ತೊಂಬತ್ತರ ವಯಸ್ಸು. ಚಿಕ್ಕಂದಿನಲ್ಲೇ ತಾಯಿಯೂ ತೀರಿಕೊಂಡು, ಅಜ್ಜಿಯ ಮಡಿಲಲ್ಲಿ ಬೆಳೆದ ಆ ಹುಡುಗ ಬಿಬಿಸಿಗೆ ಓಲೆ ಒಯ್ಯುವವನಾಗಿ ಸೇರಿದ್ದು. ವಿಟೇಕರನ ಕತೆ ಬರೆದು ನಾಲ್ಕು ವರ್ಷಗಳಾದ ಮೇಲೆ, 1958ರಲ್ಲಿ, ಅವರು ತಂದೆಯ ಸಮಾಧಿಯನ್ನು ಹುಡುಕಿಕೊಂಡು ಫ್ರಾನ್ಸಿನ ಅರಾಸ್ ಎಂಬ ಊರಿಗೆ ಹೋದರು; ಅಜ್ಜಿಗಾಗಿ ಒಂದು ಛಾಯಾಚಿತ್ರ ತೆಗೆದು ತರಬೇಕೆಂದು. ಸಮಾಧಿ ಇರಲಿಲ್ಲ. ಅಲ್ಲಿದ್ದದ್ದು ದೇಹ ಸಿಗದವರ, ಸಿಕ್ಕರೂ ಗುರುತು ಹತ್ತದವರ ಹೆಸರುಗಳನ್ನು ಕೆತ್ತಿದ ಒಂದು ಉದ್ದನೆಯ ಗೋಡೆ. ಸುಮಾರು 35,000 ಹೆಸರುಗಳು. ಅವುಗಳ ನಡುವೆ ತಂದೆಯದೂ ಇತ್ತು.

ಹಿಂದಿರುಗಿದ ಚಿಲ್ಟನ್ ಆ ಯುದ್ಧದ ಸೈನಿಕರು ಕಂದಕಗಳಲ್ಲಿ ತಾವೇ ಕಟ್ಟಿ ಹಾಡುತ್ತಿದ್ದ ಹಾಡುಗಳನ್ನು ಒಂದೊಂದಾಗಿ ಕಲೆಹಾಕಿದರು. 1961ರ ಡಿಸೆಂಬರಿನಲ್ಲಿ ಅವನ್ನು ರೇಡಿಯೋದಲ್ಲಿ ಹಾಡಿಸಿದರು. ಎರಡು ವರ್ಷಗಳ ನಂತರ ಅದೇ ಲಂಡನ್ನಿನ ರಂಗಭೂಮಿಯಲ್ಲಿ ಹೆಸರಾಂತ ನಾಟಕವಾಯಿತು. ತಂದೆಯ ದನಿಯನ್ನು ಅವರು ಎಂದೂ ಕೇಳಿರಲಿಲ್ಲ.